ಹಡಗಿನ ಯಜಮಾನರು

ಹಾಲಿನ ಡೈರಿಯ ಮುಂದೆ, ಊರವರೆಲ್ಲ ನೋಡುತ್ತಿದ್ದಂತೆ, ತಿಮ್ಮಯ್ಯ ಬೈಕಿನ ಕೀ ಕಿತ್ತುಕೊಂಡ ದಿನವೇ ಮಹೇಂದ್ರ ಕಳ್ಳನಾದ. ಮಿಕ್ಕಿದ್ದೆಲ್ಲ ಆಮೇಲಿನ ಲೆಕ್ಕಾಚಾರ.

ಅವನು ಕೆ.ಆರ್. ನಗರದ ಬಸ್ ನಿಲ್ದಾಣದ ಎದುರಿನ ಷೇರು ಕಚೇರಿಯಲ್ಲಿ ಕೆಲಸಕ್ಕಿದ್ದ. ಚುಂಚನಕಟ್ಟೆ ಪಕ್ಕದ ತನ್ನೂರಿನ ಇಬ್ಬರನ್ನು ಒಪ್ಪಿಸಿ, ಅವರ ದುಡ್ಡನ್ನು ತನ್ನದೇ ಹೆಸರಿನಲ್ಲಿ ವಿದೇಶದ ಹಡಗು ಕಂಪನಿಯೊಂದರ ಷೇರಿಗೆ ಹಾಕಿದ್ದ. ಒಬ್ಬ ಟ್ರ್ಯಾಕ್ಟರ್ ಬಾಡಿಗೆಗೆ ಬಿಡುವ ತಿಮ್ಮಯ್ಯ. ಇನ್ನೊಬ್ಬಳು ಮಹೇಂದ್ರನ ಚಿಕ್ಕವ್ವ ಸುನಂದಮ್ಮ. ಮಗಳು ರಮ್ಯಳ ನರ್ಸಿಂಗ್ ಓದಿಗೆಂದು ಎತ್ತಿಟ್ಟಿದ್ದನ್ನು ತಂದುಕೊಟ್ಟಿದ್ದಳು. ಅವರಿಗೆ ತಿಳಿಸಿ ಹೇಳುವುದು ಕಷ್ಟವಾಗಿರಲಿಲ್ಲ. ಅದಿರು, ಕಲ್ಲಿದ್ದಲು, ಗೋಧಿಯನ್ನು ಮೂಟೆ ಕಟ್ಟದೆ, ಟ್ರೇಲರಿಗೆ ಭತ್ತ ಸುರಿದಂತೆ ಸುರಿದುಕೊಂಡು ಹೋಗುವ ಹಡಗುಗಳು. ಸುಗ್ಗಿಯಲ್ಲಿ ಎಲ್ಲರ ಗದ್ದೆಯೂ ಒಟ್ಟಿಗೆ ಕೊಯ್ಲಿಗೆ ಬಂದರೆ ಟ್ರ್ಯಾಕ್ಟರ್ ಬಾಡಿಗೆ ಏರುತ್ತದಲ್ಲ, ಸಮುದ್ರದಲ್ಲೂ ಅಷ್ಟೇ ಎಂದಿದ್ದ. ಷೇರು ಎಂದರೆ ತಲೆಗೆ ಹತ್ತದೆಂದು, ಒಂದು ಹಡಗಿನಲ್ಲಿ ನೀವೂ ಯಜಮಾನರು ಎಂದುಬಿಟ್ಟಿದ್ದ. ಆ ಮಾತು ಇಬ್ಬರಿಗೂ ಹಿಡಿಸಿತ್ತು.

ಮೊದಲ ವರ್ಷ ಸಾಗಣೆ ದರ ನೆಲ ಕಚ್ಚಿತು. ಕೀ ಹೋದದ್ದು ಆಗ. 'ನಿನ್ನ ಅಡಗು ಮ್ಯಾಕೆ ಬರಗಂಟ ನಡ್ಕಂಡು ತಿರುಗ್ಲಾ' ಎಂದಿದ್ದ ತಿಮ್ಮಯ್ಯ. ಒಂದು ಮಳೆಗಾಲ ಪೂರ್ತಿ ಮಹೇಂದ್ರ ಬಸ್ಸಿನಲ್ಲಿ ಓಡಾಡಿದ. ಆದರೂ ಷೇರು ಮಾರಲಿಲ್ಲ. ಹಳೆಯ ಹಡಗುಗಳು ಗುಜರಿಗೆ ಹೋಗುತ್ತಿವೆ, ಹೊಸವನ್ನು ಯಾರೂ ಕಟ್ಟಿಸುತ್ತಿಲ್ಲ, ಇರುವವಕ್ಕೆ ಬಾಡಿಗೆ ಏರಲೇಬೇಕು ಎಂದು ಓದಿ ತಿಳಿದುಕೊಂಡಿದ್ದ. ಏರಿತು. ಹಾಕಿದ್ದು ಎರಡರಷ್ಟಾಯಿತು. ಬಿದ್ದಾಗ ಬೈಗುಳ ತನಗೆ, ಎದ್ದಾಗ ಲಾಭ ಅವರಿಗೆ. ತನ್ನ ಪಾಲಿಗೆ ಸಣ್ಣದೊಂದು ಕಮಿಷನ್, ಜೊತೆಗೆ ವಾಪಸು ಬಂದ ಬೈಕಿನ ಕೀ.

ಹಡಗನ್ನು ಮುಳುಗಿಸುವುದೆಂದು ತೀರ್ಮಾನಿಸಿದ.

ಮುಳುಗಿದ್ದನ್ನು ಯಾರೂ ಹೋಗಿ ನೋಡಿ ಬರುವುದಿಲ್ಲ. ಎಲ್ಲೋ ದೂರದ ಸಮುದ್ರದಲ್ಲಿ ಅದಿರಿನ ಹಡಗು ಮಗುಚಿದರೆ ಕನ್ನಡದ ಟೀವಿಯವರು ತೋರಿಸುವುದೂ ಇಲ್ಲ. ನೆಂದ ಅದಿರು ಒಂದು ಪಕ್ಕಕ್ಕೆ ಜಾರಿದರೆ ಹಡಗು ವಾಲುವುದಂತೂ ನಿಜ. ಅವನ ಸುಳ್ಳಿನಲ್ಲಿ ಮುಕ್ಕಾಲು ಭಾಗ ಇಂಥ ನಿಜವೇ ಇತ್ತು. ವಿಮೆಯ ಮಾತು ಬಂದೇ ಬರುತ್ತದೆ. ಟ್ರ್ಯಾಕ್ಟರ್ ಸುಟ್ಟರೆ ವಿಮೆ ಮೊದಲು ಫೈನಾನ್ಸಿನವರಿಗೆ ಸೇರುವುದು ತಿಮ್ಮಯ್ಯನಿಗೆ ಗೊತ್ತು. ಹಡಗಿನ ಮೇಲೂ ಸಾಲವಿತ್ತು ಎಂದರಾಯಿತು. ಕೊನೆಗೆ, ಹಾಕಿದ್ದರಲ್ಲಿ ಕಾಲು ಭಾಗವನ್ನು ತಾನೇ ಹೋಗಿ ಕೈಗಿಡುವುದು. ಪೂರ್ತಿ ಹೋಯಿತೆಂದು ಕೈ ತೊಳೆದುಕೊಂಡವರಿಗೆ ಒಂದಿಷ್ಟು ಬಂದರೆ, ತಂದುಕೊಟ್ಟವನನ್ನು ಯಾರೂ ಅನುಮಾನಿಸುವುದಿಲ್ಲ.

ಷೇರು ಮಾರಿ ದುಡ್ಡನ್ನು ತನ್ನಲ್ಲೇ ಇಟ್ಟುಕೊಂಡ ವಾರ ಚಿಕ್ಕವ್ವ ಅವರೆಕಾಳಿನ ಸಾರು, ಮುದ್ದೆ ಕಳಿಸಿದ್ದಳು. ಸೊರಗಿದ್ದೀಯ, ಹೊತ್ತಿಗೆ ಸರಿಯಾಗಿ ಉಣ್ಣು ಎಂದು ಫೋನಿನಲ್ಲಿ ಹೇಳಿದಳು. ಅವನು ಮುದ್ದೆಯನ್ನು ಮುಟ್ಟದೆ ಡಬ್ಬಿ ಮುಚ್ಚಿಟ್ಟ. ರಮ್ಯ ಮೈಸೂರಿನ ಕಾಲೇಜು ನೋಡಿಕೊಂಡು ಬಂದು, ಹಾಸ್ಟೆಲಿನ ಕಿಟಕಿಯಿಂದ ಬೆಟ್ಟ ಕಾಣುತ್ತದೆ ಅಣ್ಣ ಎಂದಳು. ಮುಂದಿನ ವರ್ಷ ಓದಿದರೆ ಬೆಟ್ಟವೇನೂ ಎದ್ದು ಹೋಗದು ಎಂದು ಅವನು ತನಗೆ ತಾನೇ ಹೇಳಿಕೊಂಡ. ಆಮೇಲೆ ಅವಳ ಫೋನ್ ಎತ್ತುವುದನ್ನು ಬಿಟ್ಟ.

ತಿಮ್ಮಯ್ಯನ ಟ್ರ್ಯಾಕ್ಟರ್ ಶೆಡ್ಡಿನಲ್ಲಿ ಇಬ್ಬರನ್ನೂ ಕೂರಿಸಿಕೊಂಡು ಸುದ್ದಿ ಹೇಳಿದ. ಅಂದುಕೊಂಡದ್ದಕ್ಕಿಂತ ಚೆನ್ನಾಗಿಯೇ ಹೇಳಿದ. ದುಡ್ಡಿನ ಕವರನ್ನು ಮುಂದಿಟ್ಟು ಬೈಗುಳಕ್ಕೆ ಕಾದ. ಬೈದಿದ್ದರೆ ಅವನಿಗೂ ಹಗುರಾಗುತ್ತಿತ್ತು. ಇಬ್ಬರೂ ಬೈಯಲಿಲ್ಲ.

'ಅದ್ರೊಳಗಿದ್ದ ಐಕ್ಳು?' ಎಂದಳು ಸುನಂದಮ್ಮ.

'ಯಾವ ಐಕ್ಳು ಚಿಕ್ಕವ್ವ?'

'ಅಡಗು ತಂತಾನೆ ಓಡ್ತದಾ ಮಗ? ಓಡ್ಸೋರು ಇರ್ನಿಲ್ವಾ?'

ವಿಮೆಗೆ, ಸಾಲಕ್ಕೆ, ಟೀವಿಗೆಲ್ಲ ಅವನಲ್ಲಿ ಉತ್ತರವಿತ್ತು. ಓಡಿಸುವವರನ್ನು ಅವನು ಲೆಕ್ಕಕ್ಕೇ ಹಿಡಿದಿರಲಿಲ್ಲ. ಸಾವಿನ ಮನೆಯಲ್ಲಿ ದುಡ್ಡಿನ ಮಾತು ಯಾರೂ ಎತ್ತುವುದಿಲ್ಲವೆಂದು ತಟ್ಟನೆ ಹೊಳೆದು, ಯಾರೂ ಉಳಿಯಲಿಲ್ಲ ಎಂದ. ನಂಬಿಕೆ ಗಟ್ಟಿಯಾಗಲೆಂದು, ಒಬ್ಬ ಕಣ್ಣೂರಿನ ಕಡೆಯ ಹುಡುಗ, ಇನ್ನೂ ಮದುವೆಯಾಗಿರಲಿಲ್ಲ ಎಂದೂ ಸೇರಿಸಿದ. ಸುನಂದಮ್ಮ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ತಿಮ್ಮಯ್ಯ ಕವರನ್ನು ಮುಟ್ಟದೆ, 'ನೀನೇನ್ಲಾ ಮಾಡೀಯೆ, ಓಗು, ಮನೀಕೋ ಓಗು' ಎಂದ. ಬೈಕಿನವರೆಗೂ ಬಂದು, ಹೆಗಲ ಮೇಲೆ ಕೈಯಿಟ್ಟು ಕಳಿಸಿದ.

ನಾಲೆಯ ಏರಿಯ ಮೇಲೆ ಮಹೇಂದ್ರ ಎಲ್ಲೂ ನಿಲ್ಲಿಸದೆ ಬೈಕ್ ಓಡಿಸಿದ. ರೂಮಿಗೆ ಬಂದು ಫೋನ್ ಆಫ್ ಮಾಡಿ ಮಲಗಿದ. ಕೆಲಸ ಮುಗಿದಿತ್ತು.

ಎರಡನೆಯ ದಿನ ಪೊಲೀಸ್ ಪೇದೆಯೊಬ್ಬ ಕಚೇರಿಗೇ ಬಂದು ಅವನನ್ನು ಕರೆದೊಯ್ದ. ಠಾಣೆಯ ಮುಂದೆ ತಿಮ್ಮಯ್ಯನ ಜೀಪು ನಿಂತಿತ್ತು. ಹಿಂದಿನ ಸೀಟಿನಲ್ಲಿ ಅಕ್ಕಿ ಮೂಟೆ, ತೆಂಗಿನಕಾಯಿ, ಒಂದು ಹೊಸ ಸೀರೆ. ಒಳಗೆ ಬೆಂಚಿನ ಮೇಲೆ ತಿಮ್ಮಯ್ಯನೂ ಸುನಂದಮ್ಮನೂ ಕೂತಿದ್ದರು. ಅವಳ ಮಡಿಲಲ್ಲಿ ಒಡೆಯದ ಕವರು. ಮಹೇಂದ್ರನನ್ನು ಕಂಡು ಸುನಂದಮ್ಮ, ಉಂಡೆಯಾ ಮಗ ಎಂದು ಕೇಳಿದಳು. ಸಬ್ ಇನ್ಸ್‌ಪೆಕ್ಟರ್ ಕುರ್ಚಿ ತೋರಿಸಿದ. 'ಕಂಪ್ಲೇಂಟ್ ಕೊಡಕ್ಕೆ ಬಂದಿಲ್ಲ ಕಣ್ರೀ ಇವ್ರು. ಕೆಲಸದಲ್ಲಿ ಆಳು ಸತ್ರೆ ಯಜಮಾನ ತಿಥಿಗೆ ಮುಂಚೆ ಅವ್ನ ಮನೆಗೆ ಹೋಗಿ ಬರ್ಬೇಕಂತೆ. ನಿಮ್ಮ ಫೋನ್ ಸಿಗ್ಲಿಲ್ಲ ಅಂತ ಆ ಕಣ್ಣೂರು ಹುಡುಗನ ಅಡ್ರೆಸ್ ಕೇಳ್ಕೊಂಡು ಇಲ್ಲಿಗೆ ಬಂದವ್ರೆ. ಕಣ್ಣೂರು ಠಾಣೆಗೆ ಫೋನ್ ಮಾಡ್ದೆ, ಅಲ್ಲಿ ಅಂಥ ಹುಡುಗ ಯಾರೂ ಸತ್ತಿಲ್ಲ ಅಂತಾರೆ.' ಅವನು ಹಾಳೆ, ಪೆನ್ನನ್ನು ಮಹೇಂದ್ರನ ಕಡೆಗೆ ತಳ್ಳಿದ. 'ನೀವೇ ಆ ಅಡ್ರೆಸ್ ಬರ್ದುಕೊಡಿ. ಪಾಪ, ಬೆಳಿಗ್ಗೆಯಿಂದ ಕಾಯ್ತಾ ಅವ್ರೆ.'