ಹಡಗಿಗೆ ಹೊರಟ ದಿಂಬು

"ಇದರಾಗ ಯಾರನ್ನ ಮುಚ್ಚಿಟ್ಕೊಂಡು ಒಯ್ಯಾವ್ರದೀರಿ?"

ಶಾನವಾಜ ಕೇಳಿದ್ದು ತಲೆ ಎತ್ತದೆಯೇ. ಅವನ ಕಣ್ಣು ನಾಹಿದಾ ಎಳೆದು ತಂದಿದ್ದ ನೀಲಿ ಸೂಟ್‌ಕೇಸಿನ ಮೇಲಿತ್ತು. ಅದರ ಒಂದು ಗಾಲಿ ಮುರಿದಿತ್ತು. ಧಾರವಾಡದ ಸುಭಾಸ ರಸ್ತೆಯುದ್ದಕ್ಕೂ ಅದು ಕುಂಟುತ್ತ, ಕಿರುಚುತ್ತ, ನಾಲ್ಕು ಜನ ತಿರುಗಿ ನೋಡುವಂತೆ ಸದ್ದು ಮಾಡುತ್ತ ಬಂದಿತ್ತು.

"ನೀವು ಇದರಾಗ ಹಿಡಿಸ್ತೀರೇನು ನೋಡೂಣು ಅಂತ ತಂದೇನಿ," ಅಂದಳು ನಾಹಿದಾ.

ಈಗ ಅವನು ತಲೆ ಎತ್ತಿದ. ಅವಳಿಗೆ ಬೇಕಾಗಿದ್ದೂ ಅದೇ.

'ಜಾವೀದ ಬ್ಯಾಗ್ ವರ್ಕ್ಸ್' ಅಂಗಡಿಯ ಮೆಟ್ಟಿಲು ಅವಳಿಗೆ ಹೊಸದಲ್ಲ. ಡಿಗ್ರಿ ಮುಗಿಯುವುದರೊಳಗೆ ಅವಳ ಕಾಲೇಜು ಬ್ಯಾಗಿನ ಜಿಪ್ಪು ಅದೆಷ್ಟು ಸಲ ಕಿತ್ತುಬಂದಿತ್ತೋ! ಅರ್ಧ ಸಲ ತಾನಾಗಿಯೇ, ಇನ್ನರ್ಧ ಸಲ ಅವಳ ಉಗುರಿನ ಕೃಪೆಯಿಂದ. ಪ್ರತಿ ಸಲವೂ ಶಾನವಾಜ ಬಾಯಲ್ಲಿ ಸೂಜಿ ಕಚ್ಚಿಕೊಂಡು, ಕಣ್ಣಲ್ಲಿ ನಗುತ್ತ, ಅವಳು ಬೀದಿಯ ಕಡೆ ತಿರುಗುವುದರೊಳಗೆ ಹೊಲಿದು ಕೊಡುತ್ತಿದ್ದ. ಅದೊಂದೇ ಬೇಸರ ಅವಳಿಗೆ. ಇಷ್ಟು ಲಗೂ ಕೆಲಸ ಮುಗಿಸುವವನು, ಹೇಳಬೇಕಾದ ಒಂದು ಮಾತಿಗೆ ಮಾತ್ರ ಇಷ್ಟು ವರ್ಷ ತೆಗೆದುಕೊಳ್ಳುವುದೇ?

"ಹಡಗ ಹತ್ತಾಕ ಹೊಂಟೇನಿ," ಅಂದಳು. "ಕ್ರೂಸ್. ಮುಂಬೈಲಿಂದ ಗೋವಾ, ಅಲ್ಲಿಂದ ಲಕ್ಷದ್ವೀಪ, ತಿರುಗಿ ಮುಂಬೈ. ರುಕ್ಸಾನಾ ಖಾಲಾ ಟಿಕೆಟ್ ತಗಸ್ಯಾರ."

"ಎಷ್ಟ ದಿನ?"

"ನಾಕ ರಾತ್ರಿ."

ಶಾನವಾಜ ಸೂಟ್‌ಕೇಸನ್ನು ನೋಡಿದ. ಅವಳನ್ನು ನೋಡಿದ. ಮತ್ತೆ ಸೂಟ್‌ಕೇಸನ್ನು ನೋಡಿದ. ಅವನ ಕಣ್ಣಿನ ನಗು, ಕರೆಂಟು ಹೋದ ಬಲ್ಬಿನಂತೆ ಪಕ್ಕನೆ ಆರಿತು.

"ನಾಕ ರಾತ್ರಿಗೆ ಇಷ್ಟ ದೊಡ್ಡದ?"

"ಹೆಣ್ಮಕ್ಕಳ ಬ್ಯಾಗಿನ ಲೆಕ್ಕಾ ನಿಮಗ್ಯಾಕ? ಗಾಲಿ ಹಾಕಿ ಕೊಡ್ರಿ."

"ಗಾಲಿ ಬಂದಿಲ್ರಿ. ನಾಳೆ ಬರ್ರಿ."

ಹತ್ತು ನಿಮಿಷದ ಕೆಲಸಕ್ಕೆ ನಾಳೆ! ನಾಹಿದಾ ಸೂಟ್‌ಕೇಸನ್ನು ಅಲ್ಲೇ ಬಿಟ್ಟು ಮನೆಗೆ ಬಂದವಳು ಕನ್ನಡಿಯ ಮುಂದೆ ನಿಂತು ಆ ಮುಖವನ್ನು ಮತ್ತೆ ಮತ್ತೆ ನೆನಪಿಸಿಕೊಂಡಳು. ಏನೋ ಆಗಿದೆ ಅವನಿಗೆ. ಆಗಲಿ, ಒಳ್ಳೆಯದೇ.

ಯಾಕೆಂದರೆ ಅವಳು ಅವನಿಗೆ ಹೇಳದ ಒಂದು ಸಂಗತಿ ಇತ್ತು. ಮುಂಬೈಯಲ್ಲಿದ್ದ ಚಿಕ್ಕಮ್ಮ ರುಕ್ಸಾನಾ ಖಾಲಾ ಬರಿಯ ಸಮುದ್ರ ತೋರಿಸಲು ಕರೆದಿರಲಿಲ್ಲ. ಹಡಗಿಳಿದ ಮೇಲೆ ಮುಂಬೈಯಲ್ಲೇ ತನ್ನ ಜತೆ ಇರು, ಬಟ್ಟೆ ಕಂಪನಿಯ ಆಫೀಸಿನಲ್ಲಿ ಕೆಲಸ ಹಚ್ಚಿಸುತ್ತೇನೆ ಅಂದಿದ್ದರು. ನಾಹಿದಾ ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ. ಅವಳಿಗೆ ಧಾರವಾಡ ಬಿಡುವ ಮನಸ್ಸಿರಲಿಲ್ಲ. ಇಲ್ಲೇ ಬಿ.ಎಡ್ ಮಾಡಬೇಕು ಅಂತಿತ್ತು. ಇಲ್ಲೇ ಇರಲು ಇನ್ನೊಂದು ಕಾರಣವೂ ಇತ್ತು. ಆ ಕಾರಣ ಬಾಯಲ್ಲಿ ಸೂಜಿ ಕಚ್ಚಿಕೊಂಡು ಕೂತಿತ್ತು. ರೈಲು ಹತ್ತುವುದರೊಳಗೆ ಅದರ ಬಾಯಿ ಬಿಡಿಸಲೇಬೇಕು ಅಂತ ಅವಳು ನಿರ್ಧರಿಸಿಯಾಗಿತ್ತು.

ಮರುದಿನ ಹೋದಳು. "ಗಾಲಿ ಬಂದಿಲ್ರಿ."

ಅದರ ಮರುದಿನವೂ ಹೋದಳು. "ಹುಬ್ಬಳ್ಳಿಗೆ ಹೇಳೇನ್ರಿ. ಬರ್ತಾವು."

ಅಷ್ಟರಲ್ಲಿ ಒಳಗಿನಿಂದ ಅವನ ಅಪ್ಪ ಜಾವೀದ ಚಾಚಾ ಚಹಾದ ಕಪ್ಪು ಹಿಡಿದು ಹೊರಗೆ ಬಂದರು. "ಏನ ಹುಬ್ಬಳ್ಳಿಗೆ ಹೇಳಿದಿ?"

"ಗಾಲಿ, ಅಬ್ಬಾ."

"ಗಾಲೀನ? ಅಲ್ಲೋ ಹುಚ್ಚಾ, ಡಬ್ಬಿ ತುಂಬ ಅದಾವಲ್ಲೋ! ನಿನ್ನ ಕಾಲಾಗ ಇಟ್ಕೊಂಡು ಕುಂತೀಯಲ್ಲ!"

ಶಾನವಾಜನ ಕಾಲ ಬುಡದಲ್ಲಿ ಬಿಸ್ಕೀಟಿನ ದೊಡ್ಡ ಡಬ್ಬಿ ಇತ್ತು. ಅದರ ತುಂಬ ಗಾಲಿಗಳು, ಕರಿಯವು, ಬೂದಿ ಬಣ್ಣದವು, ಅವಳ ಸೂಟ್‌ಕೇಸಿನವೇ ಇರಬಹುದಾದ ನೀಲಿಯವು. ಅವನ ಕಿವಿ ಮೊದಲು ಕೆಂಪಾಯಿತು, ಆಮೇಲೆ ಕುತ್ತಿಗೆ.

ನಾಹಿದಾ ಕೌಂಟರಿನ ಮೇಲೆ ಎರಡೂ ಕೈ ಊರಿ ಬಗ್ಗಿದಳು. ಓಢಣಿಯ ತುದಿ ಅವನ ಹೊಲಿಗೆ ಮಷೀನಿನ ಮೇಲೆ ಬಿತ್ತು. "ನನ್ನ ಬ್ಯಾಗ ಕಟ್ಟಿ ಹಾಕೀರಿ ಅಂದಂಗಾತು."

ಅವನು ಓಢಣಿಯನ್ನು ಎರಡು ಬೆರಳಲ್ಲಿ ಎತ್ತಿ, ಸೂಜಿಗೆ ಸಿಗದ ಹಾಗೆ ಮೆಲ್ಲಗೆ ಪಕ್ಕಕ್ಕಿಟ್ಟ.

"ಸಂಜಿಕೆ ಮನಿಗೆ ತಂದು ಕೊಡ್ತೇನ್ರಿ," ಅಂದ.

"ತರೂದಷ್ಟ ಅಲ್ಲ. ತುಂಬಿ ಕೊಡಬೇಕು. ತಡಾ ಮಾಡಿದ್ದಕ್ಕ ಜುರ್ಮಾನಿ."

ಸಂಜೆ ಅವನು ಬಂದಾಗ ನಾಹಿದಾಳ ಮನೆಯ ಪಡಸಾಲೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಊರಿನಿಂದ ಒಬ್ಬರು ಹೊರಟರೆ ಇಡೀ ಓಣಿಯ ಸಾಮಾನು ಅವರ ಜತೆ ಹೊರಡಬೇಕು. ಇಲ್ಲಿ ಅದು ಯಾರೂ ಬರೆದಿಡದ ಕಾನೂನು. ಉಡಚಪ್ಪ ಕಾಕಾ ಮುಂಬೈಯ ತಮ್ಮನಿಗೆಂದು ಬಿಳಿ ಜೋಳದ ಹಿಟ್ಟಿನ ಚೀಲ ಇಟ್ಟು ಹೋಗಿದ್ದರು. ಎದುರು ಮನೆಯ ಪ್ರಭಾವತಿ ಕಾಕು ಗೋವಾದಲ್ಲಿರುವ ಮಗಳಿಗೆ ಪೇಡೆ, ಗುರೆಳ್ಳ ಚಟ್ನಿ ಮತ್ತು ಒಂದು ರೊಟ್ಟಿ ಹಂಚು ತಂದಿದ್ದರು. ಹೋಗುವ ಮೊದಲು ತಾಕೀತನ್ನೂ ಮಾಡಿದ್ದರು: "ಗೋವಾದಾಗ ಹಡಗ ನಿಂತ ಕೂಡ್ಲೆ ಇಳದು ಕೊಟ್ಟು ಲಗೂನ ಹತ್ತಿಬಿಡು. ಯಲ್ಲಾಪುರ ಸ್ಟ್ಯಾಂಡಿನ್ಯಾಗ ಡ್ರೈವರ್ ಚಹಾ ಕುಡ್ಯೂತನಾ ಬಸ್ಸು ನಿಲ್ತೈತಲ್ಲ, ಹಂಗ."

ಬಾಗಿಲ ಪಕ್ಕದ ಮಂಚದ ಮೇಲೆ ಅಜ್ಜಿ ಹುಸೇನಬಿ ಎಲೆ ಅಡಿಕೆ ಜಗಿಯುತ್ತ ಕಾವಲು ಕೂತಿದ್ದಳು. "ಬಾಗಲಾ ತಗದಿರ್ಲಿ," ಅಂದಳು ಶಾನವಾಜ ಒಳಗೆ ಬಂದ ಕೂಡಲೇ.

"ಹಾಕಿದ್ರ ಈ ಸಾಮಾನಿನ್ಯಾಗ ಉಸರಗಟ್ಟಿ ಸಾಯ್ತೇನಜ್ಜಿ," ಅಂದ ಅವನು.

ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು ಒಂದೊಂದನ್ನೇ ಎತ್ತಿ ನೋಡತೊಡಗಿದ. ಹಾಗೆ ನೋಡುತ್ತ ಹೋದಂತೆ ಅವನ ಮುಖದಲ್ಲಿ ಏನೋ ಸಡಿಲಾಗುತ್ತ ಬಂತು.

"ಅಂದ್ರ... ಆ ದೊಡ್ಡ ಬ್ಯಾಗು ಓಣಿ ಸಾಮಾನಿಗೆ?"

"ಮತ್ತ? ನನಗ ನಾಕ ಜೊತಿ ಅರಿವಿ ಸಾಕು." ನಾಹಿದಾ ಕಣ್ಣು ಕಿರಿದು ಮಾಡಿದಳು. "ನೀವೇನ ತಿಳ್ಕೊಂಡಿದ್ರಿ?"

"ಏನಿಲ್ರಿ."

"ಏನಿಲ್ಲದ್ದಕ್ಕ ಗಾಲಿ ಬಚ್ಚಿಟ್ರೇನು?"

ಅವನು ಇಸ್ತ್ರಿ ಪೆಟ್ಟಿಗೆ ಎತ್ತಿದ. "ಇದನ್ನ ಬಿಡ್ರಿ. ಹಡಗದಾಗ ಬೆಂಕಿ ಹತ್ತು ಸಾಮಾನಾ ಒಂದೂ ಬಿಡೂದಿಲ್ಲ. ಚಹಾದ ಕೆಟಲ್‌ನೂ ಬ್ಯಾಡ. ತಿನ್ನೂದು ಮನಿಲಿಂದ ಒಯ್ಯಂಗಿಲ್ಲಂತ, ನಾನು ಕಂಪನಿ ರೂಲ್ಸ್ ಓದೇನಿ."

"ನೀವ್ಯಾಕ ಓದಿದ್ರಿ?"

ಅವನ ಕಿವಿ ಮತ್ತೆ ಬಣ್ಣ ಬದಲಿಸಿತು. "ಹಂಗ ಸುಮ್ನ. ಫೋನಿನ್ಯಾಗ ಬಂತು."

"ಕ್ರೂಸ್ ರೂಲ್ಸ್ ತಾನ ನಿಮ್ಮ ಫೋನಿನ್ಯಾಗ ಬಂತು?"

"ತಿನ್ನೂದು ಒಯ್ಯಂಗಿಲ್ಲಾ?" ಮಂಚದಿಂದ ಅಜ್ಜಿಯ ದನಿ ಎದ್ದಿತು. "ಹಂಗಾರ ನನ್ನ ಕಟಕ ರೊಟ್ಟಿ? ನಾಕ ದಿನಾ ಆ ನೀರ ಮ್ಯಾಲ ಉಪಾಸ ಬೀಳಬೇಕೇನು ಕೂಸು?"

"ಅಲ್ಲಿ ಊಟಕ್ಕ ಎಣಿಕಿಲ್ಲ ಅಜ್ಜಿ. ರೊಟ್ಟಿ ರೈಲಿನ್ಯಾಗ ತಿನ್ಲಿ," ಅಂದ ಶಾನವಾಜ. ಆಮೇಲೆ ನಾಹಿದಾಳ ಕಡೆ ತಿರುಗಿ, "ಸಂಜಿಗೆ ಡೆಕ್ಕಿನ ಮ್ಯಾಲ ಗಾಳಿ ಭಾಳ ಇರ್ತೈತಂತ. ತೆಳ್ಳನ್ನ ಶಾಲು ಇಟ್ಕೋರಿ. ವಾಂತಿ ಗುಳಗಿ ಕೈಚೀಲದಾಗ ಇರ್ಲಿ. ಹೀಲ್ಸ್ ಬ್ಯಾಡ, ನೆಲಾ ತೂಗತೈತಿ."

"ಬಿದ್ರ ಹಿಡ್ಯಾಕ ಯಾರರ ಇರ್ತಾರ ಬಿಡ್ರಿ."

"ಅದಕ್ಕ ಹೀಲ್ಸ್ ಬ್ಯಾಡ ಅಂದೆ," ಅಂದ ಅವನು ತಟ್ಟನೆ. ಅಂದ ಮೇಲೆ ತಾನೇ ಬೆಚ್ಚಿದ. ನಾಹಿದಾ ಶಾಲಿನಲ್ಲಿ ಮುಖ ಮುಚ್ಚಿಕೊಂಡು ನಕ್ಕಳು.

ಹಿಟ್ಟು ಹೊರಗೆ ಹೋಯಿತು. ಹಂಚು ಹೊರಗೆ ಹೋಯಿತು. ಕೊನೆಗೆ ಅವಳ ಬಟ್ಟೆಗಳ ಕೆಳಗೆ, ಗಂಟಿನ ತಳದಲ್ಲಿ, ಹಳೆಯ ಸೀರೆಯಲ್ಲಿ ಸುತ್ತಿದ ಮೆತ್ತನೆಯದೊಂದು ಅವನ ಕೈಗೆ ಸಿಕ್ಕಿತು. ಬಿಚ್ಚಿದ.

ದಿಂಬು. ಹೊಸದು. ಗಿಳಿಹಸಿರು ಬಟ್ಟೆ, ಅಂಚಿಗೆ ಕೆಂಪು ದಾರದ ಹೊಲಿಗೆ.

"ಹಡಗದಾಗ ದಿಂಬು ಕೊಡೂದಿಲ್ಲೇನ್ರಿ?" ಅಂತ ನಗಲು ಹೊರಟ. ನಗು ಅರ್ಧಕ್ಕೇ ನಿಂತಿತು.

ಈ ನಡಾಫರ ಮನೆಯ ದಿಂಬಿನ ಸಂಗತಿ ಇಡೀ ಓಣಿಗೆ ಗೊತ್ತು. ತಲೆತಲಾಂತರದಿಂದ ಅರಳೆ ಹಿಂಜಿ ಗಾದಿ ಮಾಡಿದ ಮನೆತನ. ಈಗ ಗಾದಿ ಮಾಡುವವರಿಲ್ಲದಿದ್ದರೂ ಹುಸೇನಬಿ ಒಂದು ಪದ್ಧತಿ ಬಿಟ್ಟಿಲ್ಲ. ಮನೆ ಬಿಟ್ಟು ಬೇರೆ ಕಡೆ ನೆಲೆಸಲು ಹೋಗುವವರಿಗೆ ತನ್ನ ಕೈಯಾರೆ ಅರಳೆ ತುಂಬಿದ ದಿಂಬು ಕೊಟ್ಟೇ ಕಳಿಸುವುದು. ಹೋಗಿ ಬರುವವರಿಗಲ್ಲ, ಹೋಗಿ ಉಳಿಯುವವರಿಗೆ. ನಾಹಿದಾಳ ಅಕ್ಕ ಸಿತಾರಾಳ ಮದುವೆಯಲ್ಲಿ ಆ ದಿಂಬುಗಳನ್ನು ಗಾಡಿಗೆ ಹೊತ್ತು ಹಾಕಿದವನು ಇದೇ ಶಾನವಾಜ.

ನಾಹಿದಾಳಿಗೂ ಅದು ಅಲ್ಲಿದ್ದದ್ದು ಗೊತ್ತಿರಲಿಲ್ಲ. "ಅಜ್ಜೀ! ಇದನ್ಯಾವಾಗ ತುಂಬಿದಿ?"

"ರುಕ್ಸಾನಾ ಫೋನ್ ಮಾಡಿದ್ಲು. ಹಡಗ ಇಳದ ಮ್ಯಾಲ ಹುಡುಗಿ ನನ್ನ ಕಡೆನ ಇರ್ತಾಳ, ಮುಂಬೈದಾಗ ನೌಕರಿ ಐತಿ ಅಂದ್ಲು." ಅಜ್ಜಿ ಸೀರೆಯ ಸೆರಗಿನಿಂದ ತುಟಿ ಒರೆಸಿಕೊಂಡಳು. "ನೀ ಇಲ್ಲ ಅನ್ನಲಿಲ್ಲಲ್ಲ. ಹೊಂಟಿ ಅಂತ ತಿಳ್ಕೊಂಡೆ. ತುಂಬಿದೆ."

ಶಾನವಾಜ ದಿಂಬನ್ನು ಎರಡೂ ಅಂಗೈಯಿಂದ ಒತ್ತಿ ಗಾಳಿ ತೆಗೆದ, ಸುತ್ತಿದ, ಸೂಟ್‌ಕೇಸಿನ ಒಂದು ಮೂಲೆಯಲ್ಲಿ ಜತನವಾಗಿ ಇಟ್ಟ.

ನಾಹಿದಾಳಿಗೆ ಸಿಟ್ಟು ನೆತ್ತಿಗೇರಿತು. "ಅದನ್ಯಾಕ ತುಂಬಾಕತ್ತೀರಿ?"

"ಅಜ್ಜಿ ಮಾಡಿದ್ದು. ಬಿಟ್ಟು ಹೋಗಂಗಿಲ್ಲ."

"ಅಷ್ಟ? ಮತ್ತೇನೂ ಇಲ್ಲಾ?"

"ಐತಿ." ಅವನು ಸೂಟ್‌ಕೇಸಿನಿಂದ ಕೈ ತೆಗೆದು ಮೊದಲ ಸಲ ನೆಟ್ಟಗೆ ಅವಳ ಕಣ್ಣಲ್ಲಿ ಕಣ್ಣಿಟ್ಟ. "ಅಂಗಡ್ಯಾಗ ಈ ಬ್ಯಾಗು ನೋಡಿದಾಗನ ನೀ ತಿರುಗಿ ಬರೂದಿಲ್ಲ ಅನ್ಸಿತ್ತು. ಅದಕ್ಕ ಗಾಲಿ ಇಲ್ಲ ಅಂತ ಸುಳ್ಳ ಹೇಳಿದೆ. ಸಮುದ್ರ ನೋಡಾಕ ಹೊಂಟಾಕಿನ್ನ ಒಂದ ಗಾಲಿಗೆ ಹಿಡದ ನಿಲ್ಲಸ್ತೇನಿ ಅಂತ ಕುಂತಿದ್ದೆ ನೋಡು, ಎಂಥಾ ಶಾಣ್ಯಾ ನಾನು! ನೀ ಹೋಗು ನಾಹಿದಾ. ಮುಂಬೈ ಮನಸಿಗೆ ಬಂದ್ರ ಅಲ್ಲೇ ಇರು. ಅಲ್ಲಿ ಯಾರ ಬ್ಯಾಗಿನ ಗಾಲಿನೂ ಮುರ್ಯೂದಿಲ್ಲೇನು? ಮಷೀನ್ ತಗೊಂಡು ನಾನ ಬರ್ತೇನಿ."

ನೀ ಅಂದಿದ್ದ. ರೀ ಇಲ್ಲ, ನೀವು ಇಲ್ಲ. ಹೆಸರು ಹಿಡಿದು, ನೀ. ನಾಹಿದಾಳ ಸಿಟ್ಟು ಎಲ್ಲಿ ಹೋಯಿತೋ ಅವಳಿಗೇ ತಿಳಿಯಲಿಲ್ಲ. ಆದರೂ ಅಷ್ಟಕ್ಕೇ ಬಿಡುವವಳಲ್ಲ ಅವಳು.

"ಯಾಕ ಬರ್ತಿ?"

"ಗೊತ್ತಿದ್ದು ಕೇಳ್ತಿ."

"ಗೊತ್ತಿದ್ದದ್ದು ಕೇಳೂದ್ರಾಗನ ಮಜಾ. ಹೇಳು."

ಶಾನವಾಜ ಮಂಚದ ಕಡೆ ನೋಡಿದ. ಹುಸೇನಬಿ ನಿಧಾನಕ್ಕೆ ಗೋಡೆಯ ಕಡೆ ಮುಖ ಮಾಡಿ ಮಲಗಿದಳು. "ಹೇಳೋ ಹೇಳು," ಅಂದಳು. "ನನಗೇನ ಈ ಕಿವಿ ಕೇಳೂದಿಲ್ಲ."

"ಮನಸ ಐತಿ ನಿನ್ನ ಮ್ಯಾಲ," ಅಂದ ಶಾನವಾಜ. ದನಿ ತಗ್ಗಿತ್ತು, ತಡವರಿಸಲಿಲ್ಲ. "ನಿನ್ನ ಜಿಪ್ಪು ತಾನ ಕಿತ್ತದ್ಯಾವುದು, ನೀ ಕಿತ್ತದ್ಯಾವುದು ಅಂತ ಗೊತ್ತಾಗಾಕ ಹತ್ತಿದಾಗಿಂದ ಐತಿ."

"ಅಯ್ಯ ಗೊತ್ತಿತ್ತಾ ನಿನಗ!"

"ಉಗುರಿನ ಗುರ್ತು ಇರ್ತಿತ್ತಲ್ಲ."

ಈಗ ಕೆಂಪಾಗುವ ಸರದಿ ಅವಳದು. ಆದರೆ ಎದೆಯೊಳಗೆ ಏನೋ ತಿಳಿಯಾಗಿತ್ತು, ಗಟ್ಟಿಯಾಗಿತ್ತು. ಅವಳು ಫೋನ್ ಎತ್ತಿ ಖಾಲಾಗೆ ಹಚ್ಚಿದಳು, ಸ್ಪೀಕರಿನಲ್ಲೇ.

"ಖಾಲಾ, ಹಡಗಿಗೆ ಬರ್ತೇನ್ರಿ. ಈಜು, ಡ್ಯಾನ್ಸು, ಏನೇನ ಐತೋ ಎಲ್ಲಾ ಮಾಡೂಣು. ಆದ್ರ ಇಳದ ದಿನಾನ ನನಗ ಧಾರವಾಡಕ್ಕ ರಿಟರ್ನ್ ಟಿಕೆಟ್ ತಗಸ್ರಿ. ಇಲ್ಲೇ ಬಿ.ಎಡ್ ಮಾಡ್ತೇನಿ. ನೌಕರಿ ಬ್ಯಾಡ್ರಿ."

ರುಕ್ಸಾನಾ ಖಾಲಾಳ ದನಿ ಮುಂಬೈಯಿಂದ ಖಡಕ್ಕಾಗಿ ಬಂತು: "ಹುಡುಗ ಯಾರವಾ?"

"ಬ್ಯಾಗ ತುಂಬಾಕತ್ತಾನ್ರಿ ಖಾಲಾ."

"ಬ್ಯಾಗ ತುಂಬಿ ಕೊಡು ಗಂಡಸಾ? ಅಂಥಾವು ಮುಂಬೈದಾಗೂ ಸಿಗೂದಿಲ್ಲ. ಸಣ್ಣ ಬ್ಯಾಗ ತಗೊಂಡು ಬಾ, ಹಡಗದಾಗ ಎಲ್ಲಾ ಹೇಳು."

ಫೋನ್ ಇಟ್ಟ ನಾಹಿದಾ ಸೂಟ್‌ಕೇಸಿನ ಮೂಲೆಯಿಂದ ದಿಂಬನ್ನು ಎಳೆದು ತೆಗೆದಳು. ಒಮ್ಮೆ ಕೊಡವಿದಳು. ಅರಳೆ ಮತ್ತೆ ಉಬ್ಬಿ ತುಂಬಿಕೊಂಡಿತು.

"ಇದನ್ನ ಒಯ್ಯಾಕ ಬ್ಯಾಡಂದ್ರ ಅಜ್ಜಿ ಮಾಡಿದ್ದು ದಂಡ ಆಕ್ಕೈತಿ," ಅಂದಳು. "ಎಲ್ಲಿ ಹೋಗಿ ಉಳ್ಯಾಕಿನೋ, ಆ ಮನಿಗೆ ಹೋಗ್ಬೇಕು ಇದು." ಎರಡೂ ಕೈಯಲ್ಲಿ ಹಿಡಿದು ಅವನ ಮುಂದೆ ಚಾಚಿದಳು. "ತಗೋ. ನಿಮ್ಮ ಮನ್ಯಾಗ ಇಟ್ಟಿರು. ನಾ ತಿರುಗಿ ಬಂದ ಮ್ಯಾಲ ನಿಮ್ಮವ್ವನ್ನ ಕರ್ಕೊಂಡು ಮಾತಾಡಾಕ ಬಾ."

ಶಾನವಾಜ ತೆಗೆದುಕೊಂಡ. ದಿಂಬಿನ ಕೆಳಗೆ ಅವರ ಬೆರಳುಗಳು ಸಿಕ್ಕವು. ಇಬ್ಬರೂ ಬೇಗ ಬಿಡಲಿಲ್ಲ.

ಗೋಡೆಯ ಕಡೆಯಿಂದ ಅಜ್ಜಿ ಅಂದಳು, "ಒಂದ ದಿಂಬಿನಿಂದ ಏನ ಆಗೂದಿಲ್ಲ. ಲಗ್ನಕ್ಕ ಜೋಡಿ ಬೇಕು. ಅರಳಿ ತರಸಬೇಕಲ್ಲವಾ ಈಗ!"

ನಾಹಿದಾ ಬಾಗಿಲಿಗೆ ಬಂದು ನಿಂತಳು. ಓಣಿಯ ತುಂಬ ಸಂಜೆಯ ಬೆಳಕು, ಕಟ್ಟೆಗಳ ಮೇಲೆ ಹೆಂಗಸರು. ದಿಂಬನ್ನು ಸೀರೆಯಲ್ಲಿ ಸುತ್ತಿ ಬಗಲಲ್ಲಿ ಅಡಗಿಸಿಕೊಂಡು ಹೋಗಬಹುದಿತ್ತು ಅವನು. ಹಾಗೆ ಮಾಡಲಿಲ್ಲ. ಗಿಳಿಹಸಿರು ದಿಂಬನ್ನು ಹೆಗಲ ಮೇಲಿಟ್ಟುಕೊಂಡು, ನಡು ಓಣಿಯಲ್ಲಿ, ತಲೆ ಎತ್ತಿ ನಡೆದ. ಕಟ್ಟೆಯಿಂದ ಕಟ್ಟೆಗೆ ಮಾತು ನಿಲ್ಲುತ್ತ ಹೋಯಿತು.

ಪ್ರಭಾವತಿ ಕಾಕು ಸೊಪ್ಪು ಸೋಸುವುದನ್ನು ಬಿಟ್ಟು ಎದ್ದು ನಿಂತರು. "ಏ ಶಾನವಾಜ! ನಡಾಫರ ಮನಿ ದಿಂಬಲ್ಲೋ ಅದು? ಎಲ್ಲಿಗೆ ಹೊಂಟೈತಿ?"

ಅವನು ನಿಂತ. ತಿರುಗಿ ಬಾಗಿಲಲ್ಲಿದ್ದ ನಾಹಿದಾಳನ್ನು ನೋಡಿದ. ಆಮೇಲೆ ಓಣಿಗೆಲ್ಲ ಕೇಳುವಂತೆ ಅಂದ:

"ನಮ್ಮ ಮನಿಗ್ರಿ ಕಾಕು!"