ನಡುವಿನ ಊರು

ಅವರು ಮೊದಲ ಸಲ ನನ್ನ ಟೇಬಲ್ಲಿಗೆ ಬಂದದ್ದೇ ಜಗಳಕ್ಕೆ. ನಮ್ಮ ಎಣ್ಣೆ ಕಂಪನಿಯ ಭೂವಿಜ್ಞಾನಿ, ಕೈಯಲ್ಲಿ ಒಂದು ಕಲ್ಲಿನ ತುಂಡು, ಮೂಗಿನ ತುದಿಯಲ್ಲಿ ಸಿಟ್ಟು.

"ಈ ಬಾವಿ ಪಕ್ಕ ಮರಳುಗಲ್ಲಿದೆ ಅಂತ ಬರೆದುಕೊಟ್ಟಿದ್ದೆ. ನಿಮ್ಮ ನಕ್ಷೇಲಿ ಜೇಡಿಗಲ್ಲು ಯಾಕೆ ಬಂತು ಮೇಡಂ?"

ಎಣ್ಣೆ ಇರುವುದು ಮರಳುಗಲ್ಲಿನಲ್ಲಿ, ಅದನ್ನು ತಡೆಯುವುದು ಜೇಡಿಗಲ್ಲು. ಕೊರೆದಿದ್ದ ಬಾವಿಗಳು ಬೆರಳೆಣಿಕೆಯಷ್ಟು. ಬಾವಿಯೊಳಗೆ ನೀವು ಬರೆದದ್ದನ್ನು ಮೀರಿಲ್ಲ, ಅದರಾಚೆ ನೆಲದಡಿ ಏನಿದೆಯೋ ಯಾರೂ ಕಂಡಿಲ್ಲ, ಅದಕ್ಕೇ ಕಂಪ್ಯೂಟರ್ ಹೀಗಿರಬಹುದು, ಹಾಗಿರಬಹುದು ಅಂತ ಒಂದಲ್ಲ ನೂರು ನಕ್ಷೆ ಬರೆಯುತ್ತದೆ ಎಂದೆ. ಯಾವುದು ನಿಜ ಎಂದು ಕೇಳಿದರು. ಯಾವುದಾದರೂ ಆಗಬಹುದು ಎಂದೆ.

ಕುರ್ಚಿ ಎಳೆದುಕೊಂಡು ಕೂತರು. ಒಂದೊಂದೇ ನಕ್ಷೆ ತೆರೆಯುತ್ತಾ ಹೋದೆ. ಸಿಟ್ಟು ಎಲ್ಲಿ ಕರಗಿತೋ, ಸ್ವಲ್ಪ ಹೊತ್ತಿಗೆ ಅವರ ಕಣ್ಣು ಪರದೆ ಬಿಟ್ಟು ನನ್ನ ಮೇಲಿತ್ತು.

"ನಕ್ಷೆ ಆ ಕಡೆ ಇದೆ," ಎಂದೆ.

"ಗೊತ್ತು," ಎಂದರು. ಕಣ್ಣು ಕದಲಿಸಲಿಲ್ಲ. ಇಂಥವರ ಹತ್ತಿರ ಏನು ಮಾತಾಡುವುದು ಹೇಳಿ!

ಅವರಿಗೆ ಕಲ್ಲು ಸಾಹೇಬ್ರು ಅಂತ ಹೆಸರಿಟ್ಟವಳು ನಾನೇ. ಆಮೇಲೆ ಸಂಜೆ ಹೊತ್ತು ಮನೆಗೂ ಬರತೊಡಗಿದರು, ಅಪ್ಪನ ಜೊತೆ ಚೆಸ್ ಆಡಲು. ಅಪ್ಪನಿಗೆ ಮರೆವಿನ ಕಾಯಿಲೆ. ಕುದುರೆಯನ್ನು ಮನಸ್ಸಿಗೆ ಬಂದಂತೆ ಓಡಿಸುತ್ತಿದ್ದರು, ಇವರು ಖುಷಿಯಿಂದ ಸೋಲುತ್ತಿದ್ದರು. ಬೇರೆ ಮನೆಗೆ ಕರೆದುಕೊಂಡು ಹೋದರೆ ಅಪ್ಪ ಬಾಗಿಲು ಎಲ್ಲಿದೆ ಎಂದು ತಿಳಿಯದೆ ಮಗುವಿನಂತೆ ಅಳುತ್ತಾರೆ. ಹಾಗಾಗಿ ನಾನು ಈ ಮನೆ ಬಿಟ್ಟು ಕದಲುವಂತಿರಲಿಲ್ಲ.

ಅಷ್ಟರಲ್ಲಿ ಕಲ್ಲು ಸಾಹೇಬರ ಅಕ್ಕ ತೀರಿಕೊಂಡರು. ಭಾವ ಮೊದಲೇ ಇರಲಿಲ್ಲ. ದೂರದ ಊರಿನಲ್ಲಿ ಇಬ್ಬರು ಮಕ್ಕಳು ಮಾವನ ದಾರಿ ನೋಡುತ್ತಿದ್ದರು.

ಅಲ್ಲಿಂದ ವಾಪಸ್ ಬಂದವರೇ ಫೋನಿನಲ್ಲಿ ಒಂದು ಮನೆಯ ಫೋಟೋ ತೋರಿಸಿದರು. ಎರಡೂ ಊರಿನ ನಡುವಿನ ಊರು. ಮಕ್ಕಳನ್ನು ಅಲ್ಲಿಗೆ ಕರೆತರುತ್ತೇನೆ, ನೀನು ಅಪ್ಪನನ್ನು ಕರೆದುಕೊಂಡು ಬಾ, ಮದುವೆಯಾಗೋಣ ಎಂದರು. ಫೋನನ್ನು ಅವರ ಕೈಯಿಂದ ತೆಗೆದುಕೊಂಡೆ.

ನನ್ನ ಪರದೆಯ ಮೇಲೆ ಆಗ ಒಂದು ಮಂಕು ನಕ್ಷೆ ಇತ್ತು. ನೂರು ನೋಡಲು ಪುರುಸೊತ್ತಿಲ್ಲ, ಎಲ್ಲ ಕೂಡಿಸಿ ಸರಾಸರಿ ತೆಗೆದುಕೊಡಿ ಎಂದು ನಮ್ಮ ಮ್ಯಾನೇಜರ್ ಹಟ ಹಿಡಿದಿದ್ದರು. ಕಲ್ಲು ಸಾಹೇಬರು ಅದನ್ನು ನೋಡಿ ನಕ್ಕುಬಿಟ್ಟರು.

"ಎಲ್ಲಿ ನೋಡಿದ್ರೂ ಅರ್ಧ ಮರಳು, ಅರ್ಧ ಜೇಡಿ. ಇಂಥ ಕಲ್ಲು ನೆಲದಡಿ ಎಲ್ಲೂ ಇರಲ್ಲ ಕಣೇ."

ನಾನು ಫೋನಿನಲ್ಲಿದ್ದ ಮನೆಯನ್ನು ನೋಡಿದೆ, ಆಮೇಲೆ ಅವರನ್ನು. ಅವರ ನಗು ಅಲ್ಲೇ ನಿಂತಿತು. ತಾಯಿಯನ್ನು ಈಗಷ್ಟೇ ಕಳೆದುಕೊಂಡ ಮಕ್ಕಳು ಶಾಲೆ, ಗೆಳೆಯರನ್ನೂ ಕಳೆದುಕೊಳ್ಳಬೇಕು. ಅಪ್ಪ ಗೊತ್ತಿಲ್ಲದ ಬಾಗಿಲ ಮುಂದೆ ಅಳಬೇಕು. ಎರಡು ಊರಿನ ಸರಾಸರಿಯಂತಿದ್ದ ಆ ಮನೆ ನಮ್ಮಿಬ್ಬರನ್ನು ಬಿಟ್ಟರೆ ಯಾರಿಗೂ ಬೇಕಿರಲಿಲ್ಲ.

"ನೀವು ಮಕ್ಕಳ ಹತ್ರ ಹೋಗಿ," ಎಂದೆ.

ನನ್ನ ಕೈಯಿಂದ ಫೋನು ತೆಗೆದುಕೊಂಡು ಜೇಬಿಗಿಟ್ಟರು. "ಒಂದು ಸಲ ಹೋಗಬೇಡಿ ಅನ್ನು. ಹೋಗೇ ಹೋಗ್ತೀನಿ. ಆದ್ರೂ ಅನ್ನು."

ಅನ್ನಲಿಲ್ಲ. ಅಂದಿದ್ದರೆ ಅವರು ಉಳಿದುಬಿಡುತ್ತಿದ್ದರು, ಅವರ ಗುಣ ನನಗೆ ಗೊತ್ತು. ಅವರೆಂದರೆ ನನಗೆ ಜೀವ. ಆ ಮಾತನ್ನೂ ಹೇಳದೆ ಬಸ್ಸಿನ ತನಕ ಅವರ ಚೀಲ ಹಿಡಿದು ನಡೆದೆ.

ಈಗ ಸಂಜೆಯಾದರೆ ಅಪ್ಪ ಚೆಸ್ ಬೋರ್ಡು ಹರವಿಕೊಂಡು, ಆ ಹುಡುಗ ಯಾಕಿನ್ನೂ ಬರಲಿಲ್ಲ ಎಂದು ಕೇಳುತ್ತಾರೆ. ನಾಳೆ ಬರುತ್ತಾರೆ ಎನ್ನುತ್ತೇನೆ. ನಂಬುತ್ತಾರೆ. ನಿನ್ನೆ ಮಾತ್ರ ನನ್ನ ಮುಖವನ್ನೇ ದಿಟ್ಟಿಸಿದರು.

"ನಿಂಗೆ ಅವನು ಇಷ್ಟಾನಾ ಮಗಳೇ?"

"ಹೂಂ ಅಪ್ಪ. ತುಂಬ."

"ಮತ್ತಿನ್ನೇನು, ಅವನಿಗೆ ಹೇಳಿಬಿಡು. ನಾಳೆ ಬರ್ತಾನಲ್ಲ."

ಹೇಳುತ್ತೇನೆ ಎಂದೆ.