ನಾಲ್ಕನೇ ಪಿಸ್ಟನ್

“ಬೇರೆ ಏನ್ ಬೇಕಾದ್ರೂ ಮಾರ್ಕೊಳ್ಳಿ ಅಳಿಯಂದ್ರೆ. ಆ ಎಂಜಿನ್ ಬ್ಲಾಕಿಗೆ ಮಾತ್ರ ಬೆಲೆ ಕಟ್ಟೋಕೆ ಹೋಗ್ಬೇಡಿ. ಅದರ ಐಬನ್ನ ಈ ಸೂರಿನ ಕೆಳಗೆ ಬಾಯಿಬಿಟ್ಟು ಹೇಳ್ಬೇಡಿ.”

ಅತ್ತೆ ಷೆಡ್ಡಿನ ಹೊಸಿಲು ದಾಟದೆಯೇ ಇಷ್ಟು ಹೇಳಿದರು. ಅಳಿಯನಿಗೆ ನಗು ಬಂತು. ಹಳೆಯ ಕಾರುಗಳ ಬಿಡಿಭಾಗ ಮಾರುತ್ತಿದ್ದ ಮಾವ ತೀರಿಕೊಂಡ ಮೇಲೆ ಬೀಗದ ಕೈ ಇವನ ಪಾಲಿಗೆ ಬಂದಿತ್ತು. ಇವನೋ, ಹಳೇ ಯಂತ್ರ ಕೊಳ್ಳುವುದರಲ್ಲೇ ಪಳಗಿದ ಆಸಾಮಿ. ವಸ್ತುವನ್ನು ಮುಟ್ಟಿ ಮುಟ್ಟಿ ಅದರ ಕುಂದನ್ನೆಲ್ಲ ಗಟ್ಟಿಯಾಗಿ ಆಡುತ್ತಾ, ಆಡಿದ ಒಂದೊಂದು ಕುಂದಿಗೂ ಬೆಲೆ ಇಳಿಸುತ್ತಾ ಹೋಗುವುದು ಅವನ ರೂಢಿ. ಒಬ್ಬನೇ ಇದ್ದಾಗಲೂ ಬಾಯಿ ಸುಮ್ಮನಿರುತ್ತಿರಲಿಲ್ಲ.

“ಕಬ್ಬಿಣಕ್ಕೂ ಮುನಿಸು ಬರುತ್ತಾ ಅತ್ತೆ?”

“ಕಬ್ಬಿಣಕ್ಕಲ್ಲಪ್ಪ, ಮಾರಿದವನಿಗೆ. ಹೆಂಡ್ತಿ ಸಾಯೋ ಹಾಗಿದ್ದಾಳೆ ಅಂತ ಒಬ್ಬ ಮೆಕ್ಯಾನಿಕ್ ಇದನ್ನ ತಂದಿದ್ದ. ನಿಮ್ಮ ಮಾವ ಇಲ್ಲದ ಐಬೆಲ್ಲ ಹುಡುಕಿ ಮೂರು ಕಾಸಿಗೆ ತಗೊಂಡ್ರು. ಅವಳು ಉಳೀಲಿಲ್ಲ. ಅವನು ವಾಪಸ್ ಬಂದು ನಾಲ್ಕನೇ ಪಿಸ್ಟನ್ ಕೆಳಗೆ ಏನೋ ಕಟ್ಟಿಟ್ಟು ಹೋದ. ನೀವು ಹೇಳಿದ ಐಬೆಲ್ಲ ನಿಮ್ಮ ಮನೇಲೇ ಹುಟ್ಟಲಿ ಅಂದ.”

ಅತ್ತೆಗೆ ಎಡಗಿವಿ ಕೇಳಿಸದು. ಬಲಗಿವಿಯನ್ನು ಅವನತ್ತ ತಿರುಗಿಸಿ ಉತ್ತರಕ್ಕೆ ಕಾದರು. ಅವನು “ಆಯ್ತು ಬಿಡಿ” ಎಂದು ಷಟರ್ ಎಳೆದುಕೊಂಡ. ಬ್ಲಾಕನ್ನು ಕೊಳ್ಳುವವನು ಸಂಜೆಯೊಳಗೆ ಬರುವವನಿದ್ದ.

ಷೆಡ್ಡಿನಲ್ಲಿ ಹಗಲಲ್ಲೂ ಕತ್ತಲೆ. ಗೋಡೆಯಾಚೆಯ ಕೋಣೆಯಲ್ಲಿ ಹೆಂಡತಿ ಬಟ್ಟೆ ಮಡಿಸುತ್ತಾ ಏನನ್ನೋ ಗುನುಗುತ್ತಿದ್ದಳು. ಅವಳ ಆ ಗುನುಗು ಕಿವಿಗೆ ಬಿದ್ದರೆ ಸಾಕು, ಅವನಿಗೆ ಯಾವ ಕೆಲಸವೂ ಹಗುರ. ಗೋಣಿಚೀಲ ಸರಿಸಿದ. ಕೊಳೆತ ಎಣ್ಣೆಯ ವಾಸನೆ ಮೂಗಿಗೆ ಬಡಿಯಿತು, ಅದರಡಿಯಲ್ಲಿ ಸುಟ್ಟ ಕೂದಲಿನ ಕಮಟು. ರೂಢಿಯಂತೆ ಸಣ್ಣ ಸುತ್ತಿಗೆಯಿಂದ ಬಡಿದು ನೋಡಿದ. ಒಡೆದ ಬ್ಲಾಕು ಮಂದವಾಗಿ ಸದ್ದು ಮಾಡುತ್ತದೆ. ಇದು ಗಂಟೆಯ ಹಾಗೆ ಖಣಿಲೆಂದಿತು. ಆ ನಾದ ಬಹಳ ಹೊತ್ತು ಇಳಿಯಲೇ ಇಲ್ಲ.

ಟಾರ್ಚು ಹಿಡಿದು ಬಗ್ಗಿದ. “ನೀರು ಹರಿಯೋ ದಾರೀಲೆಲ್ಲ ತುಕ್ಕು” ಎಂದ.

ಗುನುಗು ನಿಂತಿತು. ಗೋಡೆಯಾಚೆ ಕೆಮ್ಮು ಶುರುವಾಯಿತು. ಮತ್ತೆ ನೋಡಿದರೆ ತುಕ್ಕಿದ್ದ ಕಡೆ ಲೋಹ ಫಳಫಳ ಹೊಳೆಯುತ್ತಿತ್ತು. ಟಾರ್ಚಿನ ಬೆಳಕು ಕಣ್ಣಿಗೆ ಮಂಕುಬೂದಿ ಎರಚಿರಬೇಕು ಎಂದುಕೊಂಡು ಮುಂದೆ ಸರಿದ.

“ಪಕ್ಕೇಲಿ ಬಿರುಕು ಬೇರೆ.”

ಒಣಕಡ್ಡಿ ಮುರಿದಂತೆ ಒಂದು ಸದ್ದು. ಹಿಂದೆಯೇ ಅವಳ ಚೀತ್ಕಾರ. ಅವನ ಬೆರಳ ತುದಿಯಲ್ಲೇ ಬಿರುಕು ಕೂಡಿಕೊಂಡಿತು. ಮುಟ್ಟಿದರೆ ಗೆರೆಯೂ ಇಲ್ಲ.

ಒಳಬಾಗಿಲಿನಿಂದ ಮನೆಯೊಳಕ್ಕೆ ಓಡಿದ. ಹೆಂಡತಿ ನೆಲದ ಮೇಲೆ ಪಕ್ಕೆ ಹಿಡಿದು ಮುದುಡಿದ್ದಳು. ಮಡಿಸಿಟ್ಟ ಬಿಳಿ ಬಟ್ಟೆಯ ಮೇಲೆ ತುಕ್ಕುಬಣ್ಣದ ಉಗುಳು. “ರೀ, ಉಸಿರಾಡೋಕೆ ಆಗ್ತಿಲ್ಲ ರೀ” ಎಂದಳು.

ಅತ್ತೆಯೂ ಓಡಿ ಬಂದರು. “ಆ ಬ್ಲಾಕಿಗೆ ಏನೂ ಐಬಿಲ್ಲ ಅತ್ತೆ, ಎಲ್ಲಾ ಸರಿ ಇದೆ, ನಾನು ಸುಳ್ಳು ಹೇಳಿದ್ದು” ಎಂದು ಅವನು ಬಡಬಡಿಸಿದ. ಕೆಮ್ಮು ಹೆಚ್ಚಿತೇ ಹೊರತು ತಗ್ಗಲಿಲ್ಲ.

ಅತ್ತೆ ಮಗಳ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡಿದ್ದರು. “ಆಡಿದ ಮಾತು ಹಿಂದಕ್ಕೆ ಬರಲ್ಲ. ನಿಮ್ಮ ಮಾವ ಒಂದೇ ಸಲ ಬಾಯಿ ತಪ್ಪಿದ್ರು. ಬ್ಲಾಕನ್ನ ಬಡಿದು, ಇದರ ಸದ್ದೇ ಸರಿಯಿಲ್ಲ ಅಂದ್ರು. ಆವತ್ತು ಹೋದ ಕಿವಿ ಇದು.”

ಡಾಕ್ಟರಿಗೆ ಫೋನು ಮಾಡಿದ. ಹೊರಟಿದ್ದೇನೆ ಎಂದರು. ಕಾಯುವುದಲ್ಲದೆ ಮಾಡುವುದಕ್ಕೆ ಏನೂ ಇರಲಿಲ್ಲ. ಅಷ್ಟು ದೊಡ್ಡ ಗಂಡಸು, ಅವಳ ಕಾಲು ಹಿಡಿದು ಮಗುವಿನಂತೆ ಅಳುತ್ತಾ ಕೂತ.

ಆಗ ಷಟರ್ ಎತ್ತಿದ ಸದ್ದಾಯಿತು. ಕೊಳ್ಳುವವನು ಬಂದಿದ್ದ.

ಅಳಿಯ ಎದ್ದುಬಿದ್ದು ಓಡಿದ. ದಪ್ಪ ಮೀಸೆಯ ಆಸಾಮಿ ಆಗಲೇ ಬ್ಲಾಕಿನ ಮೇಲೆ ಬಗ್ಗಿ ಒಂದೊಂದೇ ಪಿಸ್ಟನ್ ಒತ್ತಿ ನೋಡುತ್ತಿದ್ದ.

“ಕೈ ತೆಗೀರಿ. ಮಾತಾಡ್ಬೇಡಿ. ನಿಮ್ಮ ಕಾಲಿಗೆ ಬೀಳ್ತೀನಿ.”

ಅವನು ನಕ್ಕ. “ಯಾಕೆ, ಐಬು ಹೇಳಿದ್ರೆ ಬೆಲೆ ಇಳಿಯುತ್ತೆ ಅಂತ ಭಯಾನಾ? ಮೂರು ಸರಿ ಇದೆ. ಈ ನಾಲ್ಕನೇದು...”

ಅಳಿಯ ನೆಗೆದ. ಕಾಲಿಗೆ ಗೋಣಿ ತೊಡರಿತು. ಬಿದ್ದ. ಬಾಯಿ ಮುಚ್ಚಲು ಚಾಚಿದ ಕೈಗೆ ಸಿಕ್ಕಿದ್ದು ಅಂಗಿಯ ಚುಂಗು.

“...ಕಚ್ಕೊಂಡ್ಬಿಟ್ಟಿದೆ. ಕದಲೋದೇ ಇಲ್ಲ.”

ಗೋಡೆಯಾಚೆಯ ಕೆಮ್ಮು ನಿಂತಿತು.

ಸುಟ್ಟ ಕೂದಲಿನ ವಾಸನೆ ಷೆಡ್ಡು ತುಂಬಿತು. ಆ ಮನುಷ್ಯನ ಹೆಬ್ಬೆರಳ ಕೆಳಗೆ ಪಿಸ್ಟನ್ ಬೆಣ್ಣೆಯಲ್ಲಿ ಜಾರಿದಂತೆ ಸದ್ದಿಲ್ಲದೆ ಕೆಳಕ್ಕಿಳಿಯಿತು. ಒಳಗೆ ಅತ್ತೆ ಮಗಳನ್ನು ಕೂಗುತ್ತಿದ್ದರು. ಮತ್ತೆ ಕೂಗಿದರು. ಓಗೊಡುವವರು ಇರಲಿಲ್ಲ.

“ಅರೆ, ಕದಲ್ತಲ್ಲ” ಎಂದ ಕೊಳ್ಳುವವನು, ಬೆರಳನ್ನು ಚಿಂದಿಗೆ ಒರೆಸಿಕೊಳ್ಳುತ್ತಾ. “ಇನ್ನು ಇದರಲ್ಲಿ ಒಂದು ಐಬೂ ಇಲ್ಲ. ಬೆಲೆ ನೀವೇ ಹೇಳಿ.”